ಕರವಸ್ತ್ರದ ಮೇಲಿನ ರೂಪಾಯಿ

ಮಕರಪುರ, ವಡೋದರಾ
21 ಆಗಸ್ಟ್ 2003

ಪ್ರಿಯ ಸಂಗಾತಿ ಪಾಂಡುರಂಗ ಅವರಿಗೆ,

ಹೀಗೆ ಬರೆಯಲು ಕೈ ಹಿಂಜರಿಯುತ್ತದೆ ಮೇಷ್ಟ್ರೇ. ಹಿರಿಯರಿಗೆ ‘ತೀರ್ಥರೂಪ ಸಮಾನರಾದ’ ಎಂದು ಶುರು ಮಾಡಿ, ‘ಶಿರಸಾಷ್ಟಾಂಗ ನಮಸ್ಕಾರಗಳು’ ಎಂದು ಅಡ್ಡ ಬೀಳಬೇಕೆಂದು ಹರಿಹರದ ನಮ್ಮ ಮನೆಯಲ್ಲಿ ಕಲಿಸಿದ್ದಾರೆ. ಹೋದ ಸಲ ಹಾಗೆ ಬರೆದದ್ದಕ್ಕೆ ನೀವು ಚೆನ್ನಾಗಿ ಬೈದಿರಿ. ಕಾಗದದಲ್ಲೂ ಕಾಲಿಗೆ ಬೀಳುವ ಜನ ಯಾವ ಕ್ರಾಂತಿ ಮಾಡುತ್ತೀರಿ ಎಂದು ಕೇಳಿದಿರಿ. ಅದಕ್ಕೇ ಎದೆ ಗಟ್ಟಿ ಮಾಡಿಕೊಂಡು ಸಂಗಾತಿ ಎಂದಿದ್ದೇನೆ. ನಿಮ್ಮ ಕಣ್ಣು ಮಂಜಾದ ಮೇಲೆ ನಮ್ಮ ಪತ್ರಗಳನ್ನೆಲ್ಲ ನಿಮ್ಮ ಮನೆಯವರು, ನಮ್ಮೆಲ್ಲರ ಅಮ್ಮನೇ ಓದಿ ಹೇಳುತ್ತಾರಲ್ಲ, ಅವರು ಇಲ್ಲಿ ನಗಬಾರದು.

ಮಣಿನಗರದ ನಿಮ್ಮ ಮನೆಯ ಭಾನುವಾರಗಳು ನೆನಪಾಗುತ್ತವೆ. ಬಾಹ್ಯಾಕಾಶ ಕೇಂದ್ರದಲ್ಲಿ ಉಪಗ್ರಹಗಳ ಲೆಕ್ಕ ಮಾಡಿ ನಿವೃತ್ತರಾದ ನೀವು, ನಮ್ಮಂಥ ಬಾಡಿಗೆ ಕೋಣೆಯ ಹುಡುಗರನ್ನು ಸುತ್ತ ಕೂರಿಸಿಕೊಂಡು ಮಾರ್ಕ್ಸ್‌ವಾದದ ಪಾಠ ಹೇಳುತ್ತಿದ್ದಿರಿ. ಊಳಿಗಮಾನ್ಯ ಹೋಗಿ ಬಂಡವಾಳಶಾಹಿ ಬರಬೇಕು, ಅದರ ಹೊಟ್ಟೆಯಲ್ಲೇ ಮುಂದಿನದು ಹುಟ್ಟಬೇಕು, ನಡುವಿನ ಹಂತವನ್ನು ಹಾರಲು ಬರುವುದಿಲ್ಲ ಎನ್ನುತ್ತಿದ್ದಿರಿ. ನಮ್ಮ ದೇಶದಲ್ಲಿ ಊಳಿಗಮಾನ್ಯವನ್ನು ಕೆಡಹುವ ಆ ಮೊದಲ ಕ್ರಾಂತಿ ಮುಗಿದಿದೆಯೋ ಇಲ್ಲವೋ ಎಂದು ಅಮ್ಮನ ಅವಲಕ್ಕಿ ತಣ್ಣಗಾಗುವ ತನಕ ಜಗಳವಾಡುತ್ತಿದ್ದೆವು. ಉತ್ತರ ನನಗೆ ಇಲ್ಲಿ ಸಿಕ್ಕಿದೆ. ಮುಗಿದಿಲ್ಲ.

ನಾನು ಯಂತ್ರಗಳ ಉಸ್ತುವಾರಿಗೆ ಸೇರಿರುವುದು ಪಂಪಿನ ಎರಕ ಹೊಯ್ಯುವ ಕಾರ್ಖಾನೆ. ಯಜಮಾನರಿಗೆ ಒಂದು ಕಾಲಕ್ಕೆ ಕೆಲವು ಹಳ್ಳಿಗಳೇ ಇದ್ದವಂತೆ. ಕಾನೂನು ಬಂದು ಜಮೀನು ಹೋದಾಗ, ಉಳಿದದ್ದನ್ನು ಮಾರಿ ಇಲ್ಲಿ ಕುಲುಮೆ ಹಾಕಿದರು. ಹಳ್ಳಿಯ ಜನರನ್ನೇ ಕರೆತಂದು ಎರಕ ಕಲಿಸಿದರು. ಎಲ್ಲರೂ ಅವರನ್ನು ಬಾಪು ಎನ್ನುತ್ತಾರೆ. ಬೇವಿನ ಮರದ ಕೆಳಗೆ ಮಂಚ ಹಾಕಿಕೊಂಡು, ಬೆಳ್ಳಿಯ ಹಿಡಿಯ ಕೋಲು ಹಿಡಿದು ಕೂರುತ್ತಾರೆ. ಅವರ ಮುಂದೆ ಹಾದುಹೋಗುವವರು ಚಪ್ಪಲಿ ಕೈಯಲ್ಲಿ ಹಿಡಿಯುತ್ತಾರೆ. ಕುಲುಮೆಯ ತಗಡಿನ ಸೂರಿನ ಮೇಲೆ ನವಿಲುಗಳು ನಡೆದಾಡುತ್ತವೆ. ಸಂಜೆ ಕೆಂಪು ಲೋಹ ಅಚ್ಚಿಗೆ ಇಳಿಯುವಾಗ ಆ ಬೆಳಕು ಮರದ ಎಲೆಗಳಿಗೆ ತಾಗಿ ಇಡೀ ಅಂಗಳ ಎಲ್ಲೋ ನೀರಿನಡಿಯಲ್ಲಿ ಇರುವಂತೆ ಕಾಣುತ್ತದೆ. ಯಾವ ಶತಮಾನದಲ್ಲಿದ್ದೇನೆ ಎಂಬುದೇ ನನಗೆ ಆಗ ಮರೆತುಹೋಗುತ್ತದೆ.

ದಸರೆಯ ದಿನದ ಪದ್ಧತಿ ಕೇಳಿ. ಯಂತ್ರಗಳ ಪೂಜೆ ಮುಗಿದ ಮೇಲೆ ಬಾಪು ಕುರ್ಚಿಯ ಮೇಲೆ ಕೂರುತ್ತಾರೆ. ಕೆಲಸಗಾರರು ಬರಿಗಾಲಲ್ಲಿ ಸಾಲಾಗಿ ಬಂದು, ಮಡಿಸಿದ ಕರವಸ್ತ್ರದ ಮೇಲೆ ಒಂದು ರೂಪಾಯಿ ಇಟ್ಟು ಎರಡೂ ಕೈಯಲ್ಲಿ ಮುಂದೆ ಹಿಡಿಯುತ್ತಾರೆ. ಅದು ನಜರಾನಾ, ಹಿಂದೆ ದೊರೆಗಳಿಗೆ ಒಪ್ಪಿಸುತ್ತಿದ್ದ ಕಾಣಿಕೆ. ಬಾಪು ನಾಣ್ಯವನ್ನು ಬೆರಳಿನಿಂದ ಮುಟ್ಟಿ ‘ಖಮ್ಮಾ’ ಎನ್ನುತ್ತಾರೆ, ಅಂದರೆ ಸುಖವಾಗಿರು ಎಂದು. ತೆಗೆದುಕೊಳ್ಳುವುದಿಲ್ಲ, ಮುಟ್ಟಿ ಹಿಂತಿರುಗಿಸುತ್ತಾರೆ, ಅಷ್ಟೆ. ಹೋದ ವರ್ಷ ನೋಡುತ್ತ ನಿಂತಿದ್ದೆ. ಸಾಲಿನ ಕೊನೆಗೆ ಅಚ್ಚು ಕಟ್ಟುವ ಮೂಳಜಿ ಬಂದರು. ಅವರು ವಣಕರ, ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ ಹೊರಗೇರಿಯವರು. ಅವರ ನಾಣ್ಯವನ್ನು ಬಾಪು ಕೈಯಿಂದ ಮುಟ್ಟಲಿಲ್ಲ. ಕೋಲಿನ ತುದಿಯಿಂದ ಮುಟ್ಟಿದರು. ಖಮ್ಮಾ ಎನ್ನಲೂ ಇಲ್ಲ.

ಮೂಳಜಿ ನನ್ನ ಪಕ್ಕದ ಮನೆಯವರು. ಕಾರ್ಖಾನೆಯ ಹಿಂದೆ ಕೆಲಸಗಾರರ ಮನೆಗಳ ಸಾಲಿದೆ, ಅದಕ್ಕೆ ಲೈನ್ ಎನ್ನುತ್ತಾರೆ. ಅದರ ತುದಿಯ ಕೋಣೆಯಲ್ಲಿ ನಾನಿದ್ದೇನೆ. ಮೂಳಜಿ ನಶ್ಯದ ಮನುಷ್ಯ, ಮಾತಿಗೊಮ್ಮೆ ಚೇಷ್ಟೆ. ತನ್ನಂಥ ಮೀಸೆ ವಡೋದರಾದಲ್ಲೇ ಇಲ್ಲ ಎಂದು ಅವರ ನಂಬಿಕೆ. ಮೊನ್ನೆ ಮಾತ್ರ ಚೇಷ್ಟೆ ಬಿಟ್ಟು ಹೇಳಿದರು: “ಈ ದಸರಾಕ್ಕೆ ಹಂಗಾಗಬಾರ್ದು ಸಾಹೇಬ್. ಬೇರೆ ಥರ ಆಗ್ಬೇಕು. ನೀವು ಓದಿದೋರು, ಬಾಪೂಗೆ ಒಂದು ಮಾತು ಹೇಳಿ.”

ಬಾಪುಗೆ ಏನು ಹೇಳುವುದು? ಜನರಿಗೇ ಹೇಳುತ್ತೇನೆ. ನಜರಾನಾ ನಿಲ್ಲಬೇಕು. ನಿಮ್ಮ ಅಭಿಪ್ರಾಯ ತಿಳಿಸಿ.

ನಿಮ್ಮ ವಾಮನ


ಮಣಿನಗರ, ಅಹಮದಾಬಾದ್
2 ಸೆಪ್ಟೆಂಬರ್ 2003

ಪ್ರಿಯ ಸಂಗಾತಿ ವಾಮನ,

ಅಕ್ಷರ ಕಮಲಾಕ್ಷಿಯದು, ಮಾತು ನನ್ನದು. ಈಗ ನನಗೆ ದೀಪಗಳೆಲ್ಲ ಹತ್ತಿಯ ಉಂಡೆಗಳಾಗಿ ಕಾಣುತ್ತವೆ. ರೈಲು ಬಂದರೆ ಒಂದು ಉದ್ದನೆಯ ಬೂದು ಬಣ್ಣ ಹೋದಂತೆ. ಕೆಟ್ಟದ್ದೇನಲ್ಲ, ಜಗತ್ತಿನ ಮೂಲೆಗಳೆಲ್ಲ ಮೆತ್ತಗಾಗಿವೆ.

ನಿನ್ನ ಕಾಗದ ಕೇಳಿ ಮೂರು ಹೊತ್ತೂ ಅದೇ ಧ್ಯಾನ. ನಾವು ಭಾನುವಾರ ಬಾಯಲ್ಲಿ ಆಡುತ್ತಿದ್ದುದು ನಿನ್ನ ಕಣ್ಣ ಮುಂದೆ ಕರವಸ್ತ್ರ ಹಿಡಿದು ನಿಂತಿದೆ. ಕುಲುಮೆಯಿದೆ, ಸಂಬಳವಿದೆ, ಮಾರುಕಟ್ಟೆಯಿದೆ; ಆದರೆ ಮನುಷ್ಯ ಮಾತ್ರ ಇನ್ನೂ ಯಾರದೋ ಮನುಷ್ಯ. ಆ ಗಂಟನ್ನು ಬಿಚ್ಚದೆ ಮುಂದಿನ ಹೆಜ್ಜೆಯಿಲ್ಲ. ನಿಲ್ಲಿಸು. ಗಲಾಟೆ ಬೇಡ, ಘೋಷಣೆ ಬೇಡ. ಸುಮ್ಮನೆ ಆ ದಿನ ಯಾರೂ ನಾಣ್ಯ ಹಿಡಿಯದಿದ್ದರೆ ಸಾಕು.

ಒಂದು ಮಾತು ನೆನಪಿಡು. ಬಂಡವಾಳಶಾಹಿ ಕ್ರಾಂತಿಯನ್ನು ಬಂಡವಾಳಗಾರರೇ ಮಾಡಿದ್ದು ಚರಿತ್ರೆಯಲ್ಲಿ ಕಡಿಮೆ. ವಕೀಲರು, ಗುಮಾಸ್ತರು, ಕೈಕಸುಬಿನವರು, ರೈತರ ಮಕ್ಕಳು ಬೀದಿಗೆ ಬಂದರು. ನಿನ್ನೆ ಮಧ್ಯಾಹ್ನ ಮಲಗಿದಾಗ ನನಗೊಂದು ಕನಸು ಬಿತ್ತು. ದೊಡ್ಡ ಕೋಟೆಯ ಬಾಗಿಲು. ಅದನ್ನು ಜನ ತಳ್ಳುತ್ತಿದ್ದಾರೆ, ನಾನೂ ಭುಜ ಕೊಟ್ಟಿದ್ದೇನೆ. ಬಾಗಿಲು ಬಿತ್ತು. ಒಳಗೆ ಸಿಂಹಾಸನ ಇಲ್ಲ, ಒಂದು ಅಂಗಡಿ ಇತ್ತು. ತಕ್ಕಡಿ ಒರೆಸುತ್ತ ಕೂತವನು ತಲೆಯೆತ್ತಿ, ಬನ್ನಿ ಬನ್ನಿ ಎಂದ. ನಕ್ಕು ಎಚ್ಚರವಾಯಿತು. ಕಮಲಾಕ್ಷಿ ಚಹಾ ತಂದಿದ್ದಳು.

ನಿನ್ನ ಪಾಂಡುರಂಗ

(ಇದು ಅಮ್ಮ. ಸಂಗಾತಿ ಎಂದು ಬರೆದದ್ದಕ್ಕೆ ನಾನು ನಕ್ಕೆ, ಕ್ಷಮಿಸು. ಒಂದು ಪ್ರಶ್ನೆ ವಾಮನ. ಆ ಬಾಪು ರೂಪಾಯಿ ಮುಟ್ಟಿದ ಮೇಲೆ ಏನು ಕೊಡುತ್ತಾನೆ ಎಂಬುದನ್ನು ನೀನು ಬರೆದಿಲ್ಲ. ಬರೀ ಮುಟ್ಟಿಸಿಕೊಳ್ಳುವುದಕ್ಕೆ ಜನ ಸಾಲು ನಿಲ್ಲುವುದಿಲ್ಲ. ಕೇಳಿಕೊಂಡು ಮುಂದುವರಿ.)


ಮಕರಪುರ, ವಡೋದರಾ
6 ಅಕ್ಟೋಬರ್ 2003

ಪ್ರಿಯ ಸಂಗಾತಿ,

ಆಯಿತು. ನಿನ್ನೆ ದಸರೆ. ಯಾರೂ ನಾಣ್ಯ ಹಿಡಿಯಲಿಲ್ಲ.

ತಿಂಗಳಿಡೀ ಚಹಾದ ಅಂಗಡಿಯಲ್ಲಿ ಒಬ್ಬೊಬ್ಬರನ್ನೇ ಹಿಡಿದು ಮಾತಾಡಿದ್ದೆ. ಎಳೆಯರು ಬೇಗ ಒಪ್ಪಿದರು. ಹಿರಿಯರು ಒಪ್ಪಲಿಲ್ಲ, ಬೇಡವೆಂದೂ ಅನ್ನಲಿಲ್ಲ. ಮೂಳಜಿಯನ್ನು ಕೇಳಿದಾಗ ಅವರು ನಶ್ಯ ಏರಿಸಿಕೊಂಡು, ಎಲ್ಲರೂ ಬಿಟ್ಟರೆ ನಾನೊಬ್ಬ ಹಿಡಿದು ಏನು ಮಾಡಲಿ ಎಂದರು. ಅದು ಒಪ್ಪಿಗೆಯೇ ಅಲ್ಲವೇ?

ಪೂಜೆ ಮುಗಿಯಿತು. ಕುಲುಮೆಗೆ ಚೆಂಡುಹೂವಿನ ಹಾರ ಹಾಕಿದ್ದರು. ಬಾಪು ಕುರ್ಚಿಯ ಮೇಲೆ ಕೂತು ಕಾದರು. ಜನ ಚಪ್ಪಲಿ ಹಾಕಿಕೊಂಡೇ ನಿಂತಿದ್ದರು. ನವಿಲೊಂದು ಅಂಗಳ ದಾಟಿತು. ಬಾಪು ಬಲಗೈಯನ್ನು ನಾಣ್ಯ ಮುಟ್ಟುವ ಎತ್ತರಕ್ಕೆ ಎತ್ತಿ ಹಿಡಿದಿದ್ದರು. ಅದು ಹಾಗೇ ಗಾಳಿಯಲ್ಲಿ ಇತ್ತು. ಆಮೇಲೆ ಎದ್ದು ಒಳಗೆ ಹೋದರು. ಕೋಲು ಕುರ್ಚಿಗೆ ಒರಗಿಕೊಂಡೇ ಉಳಿಯಿತು. ನಾನು ಇಷ್ಟು ಶಾಂತವಾದ ಕ್ರಾಂತಿಯನ್ನು ಕನಸಿನಲ್ಲೂ ಎಣಿಸಿರಲಿಲ್ಲ ಮೇಷ್ಟ್ರೇ. ಮೂಳಜಿ ಜೇಬಿನೊಳಗೆ ಕೈಯಿಟ್ಟು ನನ್ನನ್ನೇ ನೋಡುತ್ತಿದ್ದರು. ಅವರಿಗೆ ಅಷ್ಟು ಖುಷಿಯಾಗಿತ್ತು.

ಅಮ್ಮ ಕೇಳಿದ್ದರಲ್ಲ, ವಿಚಾರಿಸಿದೆ. ಯಾರ ನಾಣ್ಯವನ್ನು ಮುಟ್ಟಿದರೋ ಅವರು ಆ ವರ್ಷಕ್ಕೆ ಬಾಪುವಿನ ಜನ. ಮಗಳ ಮದುವೆಗೆ ಗೋಧಿ, ಬಾಣಂತಿಗೆ ತುಪ್ಪ, ಇರಲು ಲೈನಿನ ಮನೆ. ಕೆಲಸದಿಂದ ತೆಗೆಯುವ ಮಾತೇ ಇಲ್ಲ. ಕೋಲಿನಿಂದ ಮುಟ್ಟಿಸಿಕೊಂಡ ಮೂಳಜಿಗೂ ಅಷ್ಟೇ. ನೇಮಕದ ಕಾಗದ ಮಾತ್ರ ಯಾರ ಕೈಯಲ್ಲೂ ಇಲ್ಲ. ಎಲ್ಲ ಕೃಪೆ. ಇನ್ನು ಮೇಲೆ ಕೃಪೆ ಬೇಡ, ಹಕ್ಕಾಗಿ ಕೇಳೋಣ ಎಂದು ಹೇಳಿದ್ದೇನೆ.

ಬಾಪುವಿನ ಮಗ, ಮುಂಬೈಯಲ್ಲಿ ಮ್ಯಾನೇಜ್‌ಮೆಂಟ್ ಓದಿ ಬಂದವನು, ಅವನನ್ನು ಕುಂವರ್, ಅಂದರೆ ಚಿಕ್ಕ ದೊರೆ, ಎನ್ನುತ್ತಾರೆ. ಅವನು ಸಿಟ್ಟಾಗಬಹುದು ಎಂದುಕೊಂಡಿದ್ದೆ. ಸಂಜೆ ಅವನೇ ನನ್ನ ಕೋಣೆಗೆ ಬಿಸಿ ಜಲೇಬಿ, ಕಡಲೆಹಿಟ್ಟಿನ ಫಾಫಡಾ ಕಳಿಸಿದ. ಕಾಲ ಬದಲಾಗುತ್ತಿದೆ.

ನಿಮ್ಮ ವಾಮನ


ಮಣಿನಗರ, ಅಹಮದಾಬಾದ್
14 ಅಕ್ಟೋಬರ್ 2003

ಪ್ರಿಯ ಸಂಗಾತಿ,

ನಿನ್ನ ಕಾಗದವನ್ನು ಎರಡು ಸಲ ಓದಿಸಿಕೊಂಡೆ. ಗಾಳಿಯಲ್ಲಿ ನಿಂತ ಆ ಕೈ! ನಾನು ನೋಡಲಾರದ್ದನ್ನೆಲ್ಲ ನೀನು ನೋಡುತ್ತಿದ್ದೀಯ. ಚರಿತ್ರೆಯ ಒಂದು ಸಣ್ಣ ಅಂಗಳವನ್ನು ನೀನು ಗುಡಿಸಿದ್ದೀಯ ವಾಮನ. ನನಗೆ ಇಷ್ಟು ಸಂತೋಷವಾಗಿ ಎಷ್ಟೋ ವರ್ಷಗಳಾದವು. ಮುಂದೆ ಏನಾಯಿತು, ತಪ್ಪದೆ ಬರೆ.

ಡಿಸೆಂಬರಿನಲ್ಲಿ ಕಣ್ಣಿನ ಆಪರೇಷನ್ ನಿಗದಿಯಾಗಿದೆ.

ಪಾಂಡುರಂಗ

(ಅಮ್ಮ: ನಿನ್ನ ಕಾಗದ ಬಂದ ದಿನ ಇವರು ಎರಡು ಚಪಾತಿ ಜಾಸ್ತಿ ತಿಂದರು. ಜಲೇಬಿ ಯಾಕೆ ಕಳಿಸಿದ ಎಂದು ಮಾತ್ರ ನನಗೆ ತಿಳಿಯಲಿಲ್ಲ.)


ಮಕರಪುರ, ವಡೋದರಾ
20 ಡಿಸೆಂಬರ್ 2003

ಮೇಷ್ಟ್ರಿಗೆ,

ಇಷ್ಟು ದಿನ ಬರೆಯದಿದ್ದುದಕ್ಕೆ ಕಾರಣವಿದೆ. ಏನೂ ಹೇಳದೆ ಕಣ್ಣಿನ ಬಗ್ಗೆ ಮಾತ್ರ ಕೇಳಿ ಮುಗಿಸಿಬಿಡೋಣ ಎಂದುಕೊಂಡೆ. ಆಗುತ್ತಿಲ್ಲ.

ದಸರೆಯ ಮಾರನೆಯ ದಿನದಿಂದ ಬಾಪು ಕಾರ್ಖಾನೆಗೆ ಇಳಿದು ಬಂದಿಲ್ಲ. ಮೇಲಿನ ವರಾಂಡದಲ್ಲಿ ಕೂತು ನದಿಯ ಕಡೆ ನೋಡುತ್ತಿರುತ್ತಾರೆ. ವಿಶ್ವಾಮಿತ್ರಿಯ ದಂಡೆಯಲ್ಲಿ ಮೊಸಳೆಗಳು ಬಾಯಿ ತೆರೆದು ಬಿಸಿಲಿಗೆ ಮೈ ಕಾಯಿಸುತ್ತವೆ, ಅವೂ ಏನನ್ನೋ ನೋಡುತ್ತಿರುವಂತೆ ಕಾಣುತ್ತವೆ. ನಾನು ಒಮ್ಮೆ ಮೇಲೆ ಹೋಗಿದ್ದೆ. ಅವರು ಸಿಟ್ಟು ಮಾಡಲಿಲ್ಲ. ಇಷ್ಟೇ ಹೇಳಿದರು: “ನಾಣ್ಯ ತರ್ಲಿಲ್ಲ, ಅವ್ರು ಇನ್ನು ನನ್ನ ಜನ ಅಲ್ಲ. ಏನ್ ಮಾಡ್ಬೇಕೋ ಮಗ ಮಾಡ್ತಾನೆ.”

ಮಗ ಮಾಡುತ್ತಿದ್ದಾನೆ. ದೀಪಾವಳಿ ಕಳೆದ ಮೇಲೆ ಎಲ್ಲರನ್ನೂ ಕರೆದು, ಇನ್ನು ಮುಂದೆ ಗುತ್ತಿಗೆದಾರರ ಮೂಲಕ ಕೆಲಸ ಎಂದ. ಯಾರೂ ಯಾರ ಆಳೂ ಅಲ್ಲ, ಎಲ್ಲರೂ ಸ್ವತಂತ್ರರು, ವಾಮನ್‌ಭಾಯಿ ಹೇಳಿಕೊಟ್ಟದ್ದು ಸರಿಯಾಗಿದೆ ಎಂದ. ಲೈನಿನ ಮನೆಗಳನ್ನು ಬೇಸಗೆಯೊಳಗೆ ಬಿಡಬೇಕು, ಅಲ್ಲಿ ಹೊಸ ಶೆಡ್ ಬರುತ್ತದೆ. ಆಮೇಲೆ ನನ್ನ ಭುಜದ ಮೇಲೆ ಕೈಯಿಟ್ಟು ಇಂಗ್ಲಿಷಿನಲ್ಲಿ ಹೇಳಿದ್ದನ್ನು ಕನ್ನಡದಲ್ಲಿ ಬರೆಯುತ್ತೇನೆ: ಅಪ್ಪ ಜನರಿಗೆ ಕೊಟ್ಟ ಮಾತನ್ನು ನಾನು ಮುರಿಯುವ ಹಾಗಿರಲಿಲ್ಲ, ನೀನು ಆ ಜನರ ಕೈಯಿಂದಲೇ ಮುರಿಸಿದೆ. ನನಗೆ ಬಡ್ತಿ ಕೊಟ್ಟಿದ್ದಾನೆ.

ಮೇಷ್ಟ್ರೇ, ನಿಮ್ಮ ಕನಸಿನ ಅಂಗಡಿಯವನನ್ನು ನಾನು ನೋಡಿದೆ. ಬಾಗಿಲು ತಳ್ಳಿದವನು ನಾನು. ಮೂಳಜಿಯ ಮನೆಯವರಿಗೆ ಬೇರೆ ದಾರಿ ಏನು? ಅವರ ಹೆಂಡತಿಗೆ ಆಸ್ತಮಾ, ಆ ಸಾಲು ಬಿಟ್ಟರೆ ಅವರಿಗೆ ಊರಲ್ಲಿ ಇರುವುದು ಬಿದ್ದ ಗೋಡೆ. ಬಡ್ತಿ ಒಪ್ಪಿಕೊಂಡಿದ್ದೇನೆ, ಒಳಗಿದ್ದುಕೊಂಡು ಮನೆಗಳನ್ನಾದರೂ ಉಳಿಸಬಹುದು ಎಂದು. ಸರಿಯೋ ತಪ್ಪೋ ಹೇಳಿ. ಬೇಗ ಹೇಳಿ.

ವಾಮನ


ಮಣಿನಗರ, ಅಹಮದಾಬಾದ್
9 ಜನವರಿ 2004

ಪ್ರಿಯ ಸಂಗಾತಿ,

ಇದನ್ನು ಮಕಾಡೆ ಮಲಗಿ ಹೇಳುತ್ತಿದ್ದೇನೆ. ಕಣ್ಣಿನೊಳಗೆ ಗಾಳಿಯ ಗುಳ್ಳೆ ಬಿಟ್ಟಿದ್ದಾರೆ. ಅದು ತೇಲಿ ಹಿಂದಿನ ಪರದೆಯನ್ನು ಒತ್ತಿ ಹಿಡಿಯಬೇಕಾದರೆ ಮುಖ ಸದಾ ನೆಲದ ಕಡೆಗಿರಬೇಕಂತೆ. ಊಟ, ಮಾತು, ನಿದ್ದೆ ಎಲ್ಲ ನೆಲ ನೋಡಿಕೊಂಡೇ. ಬಾಪುವಿನ ಮುಂದೆ ನಿಂತ ಜನರ ಹಾಗೆ ನಾನೂ ತಲೆ ತಗ್ಗಿಸಿದ್ದೇನೆ ನೋಡು.

ನಿನಗೆ ಬಡ್ತಿ ಸಿಕ್ಕಿದ್ದು ಕೇಳಿ ಸಂತೋಷ. ಬಾಪು ಹಿಂದೆ ಸರಿದು ಮಗ ಮುಂದೆ ಬಂದದ್ದು ಪಾಠದಲ್ಲಿ ಇದ್ದಂತೆಯೇ ಆಗಿದೆ. ಎಲ್ಲರೂ ಸ್ವತಂತ್ರರು ಎಂದು ಅವನ ಬಾಯಲ್ಲೇ ಬಂತಲ್ಲ! ಗುಳ್ಳೆಯ ಮೂಲಕ ಈಗ ಬೆಳಕು ನೀರಿನಂತೆ ಅಲ್ಲಾಡುತ್ತದೆ. ಮಧ್ಯಾಹ್ನ ಕಣ್ಣು ಮುಚ್ಚಿದರೆ ನಿನ್ನ ಅಂಗಳ, ನಿನ್ನ ನವಿಲು. ಮೂಳಜಿಗೆ ನನ್ನ ಶುಭಾಶಯ ಹೇಳು. ಅವರ ಮೀಸೆ ನೋಡಲು ಬರುತ್ತೇನೆ.

ಪಾಂಡುರಂಗ

(ಬೇರೆ ಚೀಟಿಯಲ್ಲಿ)

ವಾಮನ, ಇದನ್ನು ಇವರಿಗೆ ಗೊತ್ತಿಲ್ಲದೆ ಇಡುತ್ತಿದ್ದೇನೆ. ನಿನ್ನ ಪತ್ರದಲ್ಲಿ ಅರ್ಧವನ್ನು ನಾನು ಓದಲಿಲ್ಲ. ಗುತ್ತಿಗೆ, ಮನೆ ಬಿಡುವುದು, ಬಾಗಿಲು ತಳ್ಳಿದವನು ನಾನು ಎಂದು ನೀನು ಬರೆದದ್ದು, ಯಾವುದನ್ನೂ ಓದಲಿಲ್ಲ. ಡಾಕ್ಟರು ರಕ್ತದೊತ್ತಡ ಏರಬಾರದು ಎಂದಿದ್ದಾರೆ. ಇವರಿಗೆ ಉಳಿದಿರುವ ಸಂತೋಷ ಎಂದರೆ ನಿನ್ನ ಆ ದಸರೆ ಒಂದೇ. ಮಕಾಡೆ ಮಲಗಿದ ಮನುಷ್ಯನಿಂದ ಅದನ್ನೂ ಹೇಗೆ ಕಿತ್ತುಕೊಳ್ಳಲಿ?

ನೀನು ಉತ್ತರ ಕೇಳಿದ್ದೆ. ಉತ್ತರ ಬರದಂತೆ ಮಾಡಿದವಳು ನಾನು. ನನಗೆ ಸಿದ್ಧಾಂತ ತಿಳಿಯದು, ಆದರೂ ಕೇಳುತ್ತಿದ್ದೀಯಲ್ಲ, ಹೇಳುತ್ತೇನೆ. ಮೂಳಜಿಯ ಹೆಂಡತಿಯನ್ನು ಮೊದಲು ನೋಡು. ಉಳಿದದ್ದು ಆಮೇಲೆ.

ಕಮಲಾಕ್ಷಿ


ಮಕರಪುರ, ವಡೋದರಾ
28 ಮಾರ್ಚ್ 2004

ಅಮ್ಮಾ,

ಈ ಕಾಗದ ನಿಮಗೆ ಮಾತ್ರ. ಅವರಿಗೆ ಏನು ಓದಬೇಕೋ ನೀವೇ ಕಟ್ಟಿಕೊಂಡು ಓದಿ. ನವಿಲುಗಳು ಚೆನ್ನಾಗಿವೆ ಎನ್ನಿ, ಸುಳ್ಳಲ್ಲ.

ಮನೆಗಳು ಉಳಿಯಲಿಲ್ಲ. ನನ್ನ ಮಾತು ಯಾರೂ ಕೇಳಲಿಲ್ಲ. ಹೊಸ ಶೆಡ್ಡಿನ ನಕ್ಷೆಯನ್ನು ನನ್ನ ಮೇಜಿನ ಮೇಲೇ ತಂದು ಹಾಸಿದರು. ಹೋಳಿ ಮುಗಿದ ಮೇಲೆ ಜನ ಒಂದೊಂದೇ ಗಾಡಿಯಲ್ಲಿ ಹೊರಟರು. ಮೂಳಜಿಯ ಹೆಂಡತಿಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ ತೋರಿಸಿದೆ, ಔಷಧಿ ಕೊಡಿಸಿದೆ. ಅವರು ಊರಿಗೆ ಹೋದರು. ಮೂಳಜಿ ಸೂರತ್ತಿಗೆ ಹೋದರಂತೆ. ನನಗೆ ಹೇಳದೆ ಹೋದರು. ಅವರ ಬಾಗಿಲ ಮುಂದಿನ ತುಳಸಿಗೆ ನಾನು ನೀರು ಹಾಕುತ್ತಿದ್ದೇನೆ. ನಾಳೆ ಅದರ ಮೇಲೂ ಇಟ್ಟಿಗೆ ಬೀಳುತ್ತದೆ.

ಇಲ್ಲಿ ಇರಲಾರೆ ಅಮ್ಮಾ. ಎಲ್ಲಿಗೆ ಹೋಗುತ್ತೇನೋ ಗೊತ್ತಿಲ್ಲ. ಸ್ವಲ್ಪ ದಿನ ಬರೆಯುವುದಿಲ್ಲ.

ವಾಮನ


ಪಾಂಡೇಸರಾ, ಸೂರತ್
19 ಆಗಸ್ಟ್ 2004

ಅಮ್ಮಾ,

ಸೂರತ್ತಿನಲ್ಲಿದ್ದೇನೆ. ಸೀರೆಗೆ ಬಣ್ಣ ಹಾಕಿ ಅಚ್ಚೊತ್ತುವ ಮಿಲ್ಲೊಂದರಲ್ಲಿ ಯಂತ್ರಗಳ ದುರಸ್ತಿ ನೋಡಿಕೊಳ್ಳುತ್ತೇನೆ. ನೀವು ಕಾಗದ ಹಾಕಿದ್ದಿರೋ ಏನೋ, ಹಾಕಿದ್ದರೂ ಮಕರಪುರದಲ್ಲಿ ತೆಗೆದುಕೊಳ್ಳುವವರು ಯಾರೂ ಇಲ್ಲ.

ಈ ಊರು ವಿಚಿತ್ರವಾಗಿದೆ. ಎಲ್ಲಿ ನಿಂತರೂ ಮಗ್ಗಗಳ ಸದ್ದು, ಸ್ವಲ್ಪ ದಿನವಾದ ಮೇಲೆ ಅದು ಕಿವಿಯ ಒಳಗಿನದೇ ಅನಿಸುತ್ತದೆ. ನಮ್ಮ ಮಿಲ್ಲಿನ ಹಿಂದಿನ ಮೋರಿ ಒಂದು ದಿನ ಗುಲಾಬಿ, ಇನ್ನೊಂದು ದಿನ ನವಿಲುಬಣ್ಣ. ಒದ್ದೆ ಸೀರೆಗಳು ಮೇಲಿನಿಂದ ಇಳಿಬಿದ್ದ ಓಣಿಯಲ್ಲಿ ನಡೆದರೆ ಮುಖಕ್ಕೆಲ್ಲ ಹೂವು ತಾಗುತ್ತದೆ. ಇಲ್ಲಿ ಯಾರ ಮುಂದೆಯೂ ಯಾರೂ ಚಪ್ಪಲಿ ಕೈಯಲ್ಲಿ ಹಿಡಿಯುವುದಿಲ್ಲ. ಯಜಮಾನ ಯಾರೆಂಬುದೇ ಬಹಳ ಜನರಿಗೆ ಗೊತ್ತಿಲ್ಲ.

ಮೂಳಜಿ ಸಿಕ್ಕಿದರು. ಹುಡುಕುತ್ತ ಬಂದದ್ದೇ ಅವರಿಗಾಗಿ, ಎಷ್ಟೋ ಗೇಟುಗಳಲ್ಲಿ ಕೇಳಿದ್ದೆ. ಪಕ್ಕದ ಮಿಲ್ಲಿನಲ್ಲಿ ಬಾಯ್ಲರಿಗೆ ಕಲ್ಲಿದ್ದಲು ಹಾಕುತ್ತಾರೆ. ಮೀಸೆ ಬೋಳಿಸಿದ್ದಾರೆ, ಮಸಿ ಕೂತು ತುರಿಸುತ್ತದಂತೆ. ದೂರದ ಪೂರ್ವ ಕರಾವಳಿಯ ಗಂಜಾಮ್ ಕಡೆಯ ಹುಡುಗರ ಜೊತೆ ಒಂದು ಕೋಣೆ. ಒಬ್ಬ ಪಾಳಿಗೆ ಹೋದಾಗ ಇನ್ನೊಬ್ಬ ಅದೇ ಹಾಸಿಗೆಯಲ್ಲಿ ಮಲಗುತ್ತಾನೆ. ಎಲ್ಲರಿಗೂ ಒಂದೇ ನೀರಿನ ಮಡಕೆ. ಅದನ್ನು ನನಗೆ ಹೆಮ್ಮೆಯಿಂದ ತೋರಿಸಿ, ತಾವೇ ಮೊಗೆದು ಕುಡಿದು, ನನಗೂ ಕೊಟ್ಟರು. ಆಮೇಲೆ ಹೇಳಿದರು: “ಇಲ್ಲಿ ಯಾರೂ ನನ್ನ ಜಾತಿ ಕೇಳಲ್ಲ ಸಾಹೇಬ್. ಹೆಸರೂ ಕೇಳಲ್ಲ.”

ಮಣಿನಗರದಲ್ಲಿ ಒಂದು ವರ್ಷ ಕೇಳಿದ ಪಾಠ ಅಷ್ಟರಲ್ಲೇ ಮುಗಿಯಿತು. ನನ್ನ ಮೇಲೆ ಅವರಿಗೆ ಸಿಟ್ಟಿದೆಯೇ ಎಂದು ಕೇಳುವ ಧೈರ್ಯ ಬರಲಿಲ್ಲ. ಅವರ ಪಾಳಿ ಮುಗಿದ ಮೇಲೆ ಇಬ್ಬರೂ ಚಹಾ ಕುಡಿಯುತ್ತೇವೆ.

ಮೇಷ್ಟ್ರ ಕಣ್ಣು ಹೇಗಿದೆ? ಅವರಿಗೆ ಹೇಳಲು ನನ್ನಲ್ಲಿ ಈಗ ಒಂದು ನವಿಲೂ ಉಳಿದಿಲ್ಲ.

ವಾಮನ


ಮಣಿನಗರ, ಅಹಮದಾಬಾದ್
11 ಸೆಪ್ಟೆಂಬರ್ 2004

ಚಿರಂಜೀವಿ ವಾಮನನಿಗೆ ಆಶೀರ್ವಾದಗಳು.

ಬೆಚ್ಚಬೇಡ. ಅಕ್ಷರವೂ ನನ್ನದೇ, ಅದಕ್ಕೇ ಸಾಲುಗಳು ಏರಿಳಿದಿವೆ. ಎಡಗಣ್ಣು ಸ್ವಲ್ಪ ಬಂದಿದೆ. ಸಂಗಾತಿ ಎಂದು ಬರೆಯಲು ಹೊರಟೆ, ಇವತ್ತು ಆ ಮಾತು ಸಣ್ಣದೆನಿಸಿತು. ಬೈದವನೇ ಹೀಗೆ ಬರೆಯುತ್ತಿದ್ದಾನೆ, ನಗು.

ನಿನ್ನ ಪತ್ರಗಳಲ್ಲಿ ಕಮಲಾಕ್ಷಿ ಏನೋ ಬಿಡುತ್ತಿದ್ದಾಳೆ ಎಂದು ನನಗೆ ಡಿಸೆಂಬರಿನಿಂದಲೇ ಗೊತ್ತಿತ್ತು. ಇಷ್ಟು ವರ್ಷ ಅವಳ ದನಿ ಕೇಳಿದವನು ನಾನು. ಬಿಟ್ಟ ಕಡೆ ಅವಳ ಉಸಿರು ತಪ್ಪುತ್ತಿತ್ತು. ಆದರೂ ಕೇಳಲಿಲ್ಲ. ಕೇಳಿದರೆ ಅವಳು ಹೇಳಿಬಿಡುತ್ತಿದ್ದಳು, ಹೇಳಿದರೆ ನನ್ನ ದಸರೆ ಹೋಗುತ್ತಿತ್ತು. ಕುರುಡಾಗಿದ್ದುಕೊಂಡೇ ಸುಖವಾಗಿದ್ದೆ. ನಿನ್ನೆ ಧೈರ್ಯ ಮಾಡಿ, “ಬಿಟ್ಟದ್ದೆಲ್ಲಾ ಈಗ ಓದು ಕಮಲೀ” ಎಂದೆ. ಅವಳು ಓದಿದಳು. ಮಣಿನಗರದ ರೈಲುಗಳು ಬಂದು ಹೋದವು.

ಹಂತವನ್ನು ಹಾರಲು ಬರುವುದಿಲ್ಲ ಎಂದು ನಿಮಗೆ ಹೇಳಿಕೊಟ್ಟೆ. ಅದನ್ನು ಈಗಲೂ ನಂಬುತ್ತೇನೆ. ಆ ಕೋಲಿನ ತುದಿ ಹೋಗಲೇಬೇಕಿತ್ತು. ಆದರೆ ಹಂತ ಕುಸಿಯುವಾಗ ಅದರ ಮೇಲೆ ಮನೆ ಮಾಡಿಕೊಂಡವರು ಎಲ್ಲಿಗೆ ಹೋಗಬೇಕು ಎಂದು ಒಂದು ಭಾನುವಾರವೂ ನಾವು ಕೇಳಲಿಲ್ಲ. ಕೇಳಿದವಳು ಅಡುಗೆಮನೆಯಲ್ಲಿದ್ದಳು.

ಬಾಗಿಲಿನ ಕನಸು ಮತ್ತೆ ಬಿತ್ತು. ಈ ಸಲ ಅಂಗಡಿಯವನ ಕಡೆ ನೋಡಲಿಲ್ಲ. ನನ್ನ ಜೊತೆ ಭುಜ ಕೊಟ್ಟವರನ್ನು ಹುಡುಕುತ್ತಿದ್ದೆ. ಒಬ್ಬರೂ ಸಿಗಲಿಲ್ಲ. ನಿನಗೆ ಒಬ್ಬರು ಸಿಕ್ಕಿದ್ದಾರೆ, ಬಿಡಬೇಡ. ಸಿಟ್ಟಿದೆಯೇ ಎಂದು ಕೇಳು. ಬೈದರೆ ಬೈಸಿಕೋ, ಅದರಲ್ಲಿ ನನ್ನ ಪಾಲೂ ಇದೆ.

ಪಾಂಡುರಂಗ

(ಅಮ್ಮ: ಇನ್ನು ಮೇಲೆ ಒಂದು ಸಾಲೂ ಬಿಡುವುದಿಲ್ಲ.)


ಪಾಂಡೇಸರಾ, ಸೂರತ್
23 ಅಕ್ಟೋಬರ್ 2004

ತೀರ್ಥರೂಪ ಸಮಾನರಾದ ಮೇಷ್ಟ್ರಿಗೂ ಅಮ್ಮನಿಗೂ ವಾಮನನ ನಮಸ್ಕಾರಗಳು.

ನಿನ್ನೆ ದಸರೆ. ನಮ್ಮ ಮಿಲ್ಲಿಗೆ ಅರ್ಧ ದಿನ ರಜೆ. ಬಾಯ್ಲರುಗಳಿಗೆ ಚೆಂಡುಹೂವು ಸುತ್ತಿದ್ದರು, ಬಿಸಿಗೆ ಅವು ಬೇಗ ಬಾಡಿದವು. ಮಧ್ಯಾಹ್ನ ಓಣಿಯ ಸೀರೆಗಳ ನಡುವಿನಿಂದ ಮೂಳಜಿ ನನ್ನ ಕೋಣೆಗೆ ಬಂದರು. ಒಗೆದ ಅಂಗಿ, ಎಣ್ಣೆ ಹಚ್ಚಿದ ತಲೆ. ಮೀಸೆ ಮತ್ತೆ ಬಿಡುತ್ತಿದ್ದಾರೆ.

ನನ್ನ ಮೇಲೆ ಸಿಟ್ಟಿದೆಯೇ ಎಂದು ಅವತ್ತೇ ಕೇಳಲು ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ. ಬಾಯಿ ತೆರೆಯುವ ಮೊದಲೇ ಅವರು ಬಾಗಿಲಲ್ಲಿ ಚಪ್ಪಲಿ ಬಿಟ್ಟರು, ಜೇಬಿನಿಂದ ಮಡಿಸಿದ ಕರವಸ್ತ್ರ ತೆಗೆದರು, ಅದರ ಮೇಲೆ ಒಂದು ರೂಪಾಯಿ ಇಟ್ಟು ಎರಡೂ ಕೈಯಲ್ಲಿ ನನ್ನ ಮುಂದೆ ಹಿಡಿದರು. ಬೇಡ ಮೂಳಜಿಭಾಯಿ, ನಾನು ಬಾಪು ಅಲ್ಲ ಎಂದೆ.

“ಗೊತ್ತು. ಬಾಪೂ ಆಗಿದ್ರೆ ಕೈಯಿಂದ ಮುಟ್ತಿರ್ಲಿಲ್ಲ,” ಎಂದರು. ಕರವಸ್ತ್ರ ಇಳಿಸಲಿಲ್ಲ. “ಹೋದ ವರ್ಷ ನಾನ್ ಕೇಳಿದ್ದು ಅದೊಂದೇ ಸಾಹೇಬ್. ಎಲ್ಲರದ್ದು ಮುಟ್ಟಿದ ಹಂಗೆ ನಂದೂ ಕೈಯಿಂದ ಮುಟ್ಟಲಿ ಅಂತ. ನಿಲ್ಲಿಸಿ ಅಂದಿರ್ಲಿಲ್ಲ.”

ಮೇಷ್ಟ್ರೇ, ಅವತ್ತು ಬೇವಿನ ಮರದ ಕೆಳಗೆ ಅವರು ಜೇಬಿನಲ್ಲಿ ಕೈಯಿಟ್ಟು ನನ್ನನ್ನು ನೋಡುತ್ತಿದ್ದರು ಎಂದು ಬರೆದಿದ್ದೆನಲ್ಲ. ಆ ಕೈಯೊಳಗೆ ಈ ನಾಣ್ಯವಿತ್ತು. ನಾನು ಖುಷಿ ಎಂದು ಓದಿಕೊಂಡಿದ್ದೆ.

ಮುಟ್ಟಿದರೆ ಏನರ್ಥ ಎಂದು ನನಗೆ ಗೊತ್ತಿತ್ತು. ಮುಟ್ಟಿದವನು ಆ ಮನುಷ್ಯನನ್ನು ಕೈಬಿಡುವ ಹಾಗಿಲ್ಲ. ಅವರ ಹೆಂಡತಿಯ ಉಬ್ಬಸ, ಊರಿನ ಬಿದ್ದ ಗೋಡೆ, ಪಾಳಿಯ ಹಾಸಿಗೆ, ಎಲ್ಲದಕ್ಕೂ ಇನ್ನು ನಾನು ಹೊಣೆ. ನೀವು ಹೇಳಿಕೊಟ್ಟ ಯಾವ ಹಂತದಲ್ಲೂ ಇದಕ್ಕೆ ಜಾಗವಿಲ್ಲ. ಬೆರಳಿನ ತುದಿ ಸಾಲದೆನಿಸಿ ಇಡೀ ಅಂಗೈಯನ್ನು ನಾಣ್ಯದ ಮೇಲಿಟ್ಟೆ. ಕೆಳಗೆ ಅವರ ಕೈ ಬಾಯ್ಲರಿನಷ್ಟೇ ಬಿಸಿಯಾಗಿತ್ತು. ಖಮ್ಮಾ ಎಂದೆ. ಅವರು ಕಣ್ಣು ಮುಚ್ಚಿದರು. ಹೊರಗೆ ಮಗ್ಗಗಳ ಸದ್ದು ಎಂದಿನಂತೆ ಇತ್ತು.

ಆಮೇಲೆ ನನಗೇ ಗೊತ್ತಿಲ್ಲದೆ ಒಂದು ಕೆಲಸ ಮಾಡಿದೆ. ಬಾಗಿಲ ಹತ್ತಿರ ಹೋಗಿ ನನ್ನ ಚಪ್ಪಲಿಯನ್ನೂ ಅವರ ಚಪ್ಪಲಿಯ ಪಕ್ಕ ಬಿಟ್ಟೆ. ನನ್ನ ಕರವಸ್ತ್ರ ಮಡಿಸಿ, ಅದರ ಮೇಲೆ ನನ್ನದೊಂದು ರೂಪಾಯಿ ಇಟ್ಟು, ಎರಡೂ ಕೈಯಲ್ಲಿ ಅವರ ಮುಂದೆ ಹಿಡಿದೆ. ಮೂಳಜಿ ನನ್ನನ್ನು ನೋಡಿದರು, ನಾಣ್ಯವನ್ನು ನೋಡಿದರು. ಮುಟ್ಟದೇ ಹೋಗುತ್ತಾರೆ, ಹೋಗುವುದೇ ನ್ಯಾಯ ಎಂದುಕೊಂಡೆ.

ಅವರು ಎಡಗೈಯಿಂದ ಆ ಅರ್ಧ ಬೆಳೆದ ಮೀಸೆಯನ್ನು ತೀಡಿಕೊಂಡರು. ಬಲಗೈಯ ಬೆರಳನ್ನು ಮುಂದೆ ತಂದು ನಾಣ್ಯವನ್ನು ಮುಟ್ಟಿ, ಬಾಪುವಿನಂತೆಯೇ ದನಿ ದಪ್ಪ ಮಾಡಿ, “ಖಮ್ಮಾ, ದೀಕರಾ” ಎಂದರು. ದೀಕರಾ ಎಂದರೆ ಇಲ್ಲಿ ಮಗನೇ ಎಂದರ್ಥ.